ಏಸಿ ಹಾಕಿದ್ದು ಜೋನನಿಗೆ ತಿಳಿಯಬಾರದು

ಚಳಿಗಾಲದಲ್ಲಿ ಕಾರಿನ ಏಸಿ ಹಾಕುವುದು ಅಧರ್ಮವೆಂಬುದು ನಿವೃತ್ತ ಮುಖ್ಯೋಪಾಧ್ಯಾಯ ರುಡೊಲ್ಫರ ಅಚಲ ನಂಬಿಕೆ. ನಡುಗುವವನ ಕೈಗೆ ಯಾರಾದರೂ ಐಸ್‌ಕ್ಯಾಂಡಿ ಕೊಡುತ್ತಾರೆಯೇ? ಮಂಗಳೂರಿನದೂ ಒಂದು ಚಳಿಯೇ ಎಂದು ಘಟ್ಟದ ಮೇಲಿನವರು ನಗಬಹುದು. ವರ್ಷವಿಡೀ ಬೆವರುವ ಊರಿನಲ್ಲಿ ಬೆವರು ನಿಂತ ದಿನವೇ ಚಳಿಗಾಲವೆಂದು ಅವರಿಗೇನು ಗೊತ್ತು!

ಈ ತತ್ತ್ವಕ್ಕಾಗಿ ರುಡೊಲ್ಫ್ ಒಬ್ಬ ಗೆಳೆಯನನ್ನೇ ಕಳೆದುಕೊಂಡಿದ್ದರು. ಎರಡು ವರ್ಷದ ಹಿಂದೆ, ಇಂಥದೇ ಡಿಸೆಂಬರಿನಲ್ಲಿ, ಬಾಲ್ಯದ ಗೆಳೆಯ ಜೋನನ ಕಾರಿನಲ್ಲಿ ಮದುವೆಯೂಟ ಮುಗಿಸಿ ಬರುತ್ತಿದ್ದಾಗ, "ಏಸಿ ಬಂದ್ ಮಾಡು" ಎಂದರು. "ಗಾಜು ಮಸುಕಾಗ್ತದೆ, ಮಾಡುವುದಿಲ್ಲ" ಎಂದ ಜೋನ್. ರುಡೊಲ್ಫ್ ಪಣಂಬೂರಿನಲ್ಲೇ ಇಳಿದು, ಕೋಟನ್ನು ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಅದೆಂಥ ಗೆಳೆತನ! ಕ್ರಿಸ್ಮಸ್ ಬಂತೆಂದರೆ ಜೋನನ ಅಪ್ಪನ ಫಿಯೆಟ್ ಕಾರಿನಲ್ಲಿ, ಕುಸ್ವಾರ್ ತಿಂಡಿಗಳ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಇಬ್ಬರು ಹುಡುಗರೂ ಮನೆಮನೆಗೆ ಹಂಚಿ ಬರುತ್ತಿದ್ದರು. ಮುಂದಿನ ಪುಟ್ಟ ಮುಕ್ಕೋನ ಗಾಜನ್ನು ತಿರುಗಿಸಿದರೆ ನೇತ್ರಾವತಿಯ ಗಾಳಿಯೆಲ್ಲ ಒಳಗೆ. ಆ ಕಾಲದಲ್ಲಿ ಮನುಷ್ಯ ಚಳಿಗೆ ನಡುಗುತ್ತಿದ್ದ, ಸೆಕೆಗೆ ಬೆವರುತ್ತಿದ್ದ. ಎರಡನ್ನೂ ಗುಂಡಿಯೊತ್ತಿ ಅದಲುಬದಲು ಮಾಡಿಕೊಳ್ಳುವ ದುರಹಂಕಾರ ಅವನಿಗಿರಲಿಲ್ಲ. ಕೊನೆಯ ಮನೆ ಮುಟ್ಟುವಾಗ ತಟ್ಟೆಯ ಕಿಡಿಯೊಗಳು, ಸಕ್ಕರೆ ಪಾಕದ ಆ ಪುಟ್ಟ ಸುರುಳಿಗಳು, ಅರ್ಧ ಕರಗಿರುತ್ತಿದ್ದವು. ಇಬ್ಬರ ಬಾಯಿಯೂ ತುಂಬಿರುತ್ತಿತ್ತು.

ಇವತ್ತು ಜೋನನ ಮಗಳು ರೇಚಲಳ ರೋಸ್. ಮದುವೆಯ ಮುನ್ನಾದಿನ ಹುಡುಗಿಗೆ ಎಣ್ಣೆ ಹಚ್ಚಿ ತೆಂಗಿನ ಹಾಲೆರೆಯುವ ಆ ಶಾಸ್ತ್ರಕ್ಕೆ ಅವಳ ಜ್ಞಾನಸ್ನಾನದಲ್ಲಿ ಧರ್ಮದ ತಂದೆತಾಯಿಯಾಗಿ ನಿಂತವರು ಬೇಕೇ ಬೇಕು. ರೇಚಲಳಿಗೆ ಅವರು ರುಡೊಲ್ಫ್ ಮತ್ತು ಅವರ ಹೆಂಡತಿ ಒಲಿಂಡಾ.

"ಇವತ್ತಾದ್ರೂ ಜೋನನ ಹತ್ರ ಮಾತಾಡಿ," ಎಂದರು ಒಲಿಂಡಾ.

"ಮೊದಲು ಅವನು ಮಾತಾಡಲಿ. ಸತ್ಯ ನನ್ನ ಕಡೆ ಉಂಟು."

ಹಾಗೆಂದವರು, ಹೆಂಡತಿ ನೋಡದಂತೆ, ಒಂದು ಡಬ್ಬಿ ತುಂಬ ಕಿಡಿಯೊವನ್ನು ತಮ್ಮ ಕಾರಿನ ಸೀಟಿನಡಿ ಇಟ್ಟಿದ್ದರು.

ಅಕಾಲದ ಹನಿಮಳೆ. ಒಲಿಂಡಾರ ಮಡಿಲಲ್ಲಿ, ಸೇಂದಿ ಹಾಕಿ ಉಬ್ಬಿಸಿ ಆಗಷ್ಟೇ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಸಾನ್ನಾಂಗಳ ದೊಡ್ಡ ಬುಟ್ಟಿ. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಇಲ್ಯಾಸ್. ದುಬೈಯಲ್ಲಿ ಅಂಗಡಿ ನಡೆಸಿ ಬಂದವರು, ರೋಸಿಗೆ ಅವರಿಗೂ ಆಮಂತ್ರಣ. ರುಡೊಲ್ಫ್ ಗಾಜೆಲ್ಲ ಏರಿಸಿ ಬಲ್ಮಠದಿಂದ ಹೊರಡಿಸಿದ ಕಾರು ಸ್ವಲ್ಪ ಹೊತ್ತಿಗೇ ಇಡ್ಲಿ ಬೇಯಿಸುವ ಪಾತ್ರೆಯಂತಾಯಿತು. ಎದುರಿನ ಗಾಜು ಬೆಳ್ಳಗೆ ಕವಿಯಿತು.

"ಏಸಿ ಹಾಕಿ ಮಾಸ್ಟ್ರೇ, ಒಂದು ಮಿನಿಟಿನಲ್ಲಿ ಹೋಗ್ತದೆ," ಎಂದರು ಇಲ್ಯಾಸ್.

"ಪ್ರಾಣ ಹೋದರೂ ಹಾಕುವುದಿಲ್ಲ!"

"ಪ್ರಾಣ ನಿಮ್ಮದು ಮಾತ್ರ ಅಲ್ಲ ಮಾರಾಯ್ರೆ, ಹಿಂದೆ ನಾನೂ ಇದ್ದೇನೆ."

ರುಡೊಲ್ಫ್ ಕೈಗೆ ಸಿಕ್ಕ ಬಟ್ಟೆಯಿಂದ ಗಾಜು ಒರೆಸಿದರು. ಅದು ರೋಸಿನ ತೆಂಗಿನೆಣ್ಣೆಯ ಬಾಟಲಿಗೆ ಸುತ್ತಿದ್ದ ಬಟ್ಟೆ. ಎದುರಿನ ವಾಹನಗಳ ಒಂದೊಂದು ದೀಪವೂ ಹತ್ತಾಗಿ ಹರಡಿತು. ಅವರು ಜೋರಾಗಿ ಬ್ರೇಕ್ ಒತ್ತಿದಾಗ ಕಾರು ಒಂದು ರಿಕ್ಷಾದ ಹಿಂಬದಿಗೆ ಮುತ್ತಿಕ್ಕುವಷ್ಟು ಹತ್ತಿರದಲ್ಲಿತ್ತು.

ರಿಕ್ಷಾದ ಗುಣಪಾಲ ಇಳಿದು ಬಂದ. "ಎಂತ ಮಾಸ್ಟ್ರೇ, ಕಣ್ಣಿಗೆ ಬಟ್ಟೆ ಕಟ್ಟಿ ಓಡಿಸುವುದಾ? ನಿಮ್ಮ ಶಾಲೆಯಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಇದಕ್ಕಿಂತ ಸಣ್ಣ ತಪ್ಪಿಗೆ!"

ಒಲಿಂಡಾ ಗಂಡನ ಮುಖ ನೋಡಲಿಲ್ಲ. ಕೈ ಚಾಚಿ ಏಸಿಯ ಗುಂಡಿ ಒತ್ತಿದರು.

ಮಂಜು ಗಾಜಿನ ಕೆಳಗಿನಿಂದ ಮೆಲ್ಲನೆ ಮೇಲಕ್ಕೆ ಸರಿಯುತ್ತ ಕರಗಿತು. ಇಲ್ಯಾಸ್ ತಮ್ಮ ಒಣ ಕರವಸ್ತ್ರದಿಂದ ಎಣ್ಣೆ ಒರೆಸಿಕೊಟ್ಟರು. ರಸ್ತೆ ತೊಳೆದಿಟ್ಟ ಸ್ಲೇಟಿನಂತೆ ಕಂಡಿತು. ತಪ್ಪು ಉತ್ತರವನ್ನು ಜೀವಮಾನವಿಡೀ ಬೋರ್ಡಿನ ಮೇಲೆ ಬರೆದವರಂತೆ ರುಡೊಲ್ಫ್ ಆ ಗಾಜನ್ನೇ ನೋಡಿದರು. ಸತ್ಯಕ್ಕೆ ತಲೆಬಾಗದವನು ಮೇಷ್ಟರಲ್ಲ. ಆದರೆ ತಲೆಬಾಗಿದ್ದು ಜೋನನಿಗೆ ಕಾಣಬೇಕೆಂದೇನೂ ಇಲ್ಲವಲ್ಲ!

"ಇದು ಜೋನನಿಗೆ ತಿಳಿಯಬಾರದು," ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡರು.

ಬೋಳಾರದ ಮನೆಯ ಗೇಟಿನಲ್ಲಿ ಬಾಗಿಲು ತೆರೆದು ಇಳಿದರು, ಅಷ್ಟೆ. ತಣ್ಣಗಿನ ಕಾರಿನಿಂದ ಹೊಳೆಬದಿಯ ಹಸಿ ಗಾಳಿಗೆ ಬಂದದ್ದೇ ತಡ, ಗಾಜಿನಿಂದ ಓಡಿಸಿದ ಮಂಜೆಲ್ಲ ಬಂದು ಅವರ ಕನ್ನಡಕದ ಮೇಲೆ ಕುಳಿತಿತು. ಎದುರಿಗೆ ಬಿಳಿ ಅಂಗಿಯ ಎತ್ತರದ ಆಕೃತಿ. ಗೇಟಿನಲ್ಲಿ ನಿಂತು ನೆಂಟರನ್ನು ಸ್ವಾಗತಿಸುವ ಕೆಲಸ ಒಲಿಂಡಾರ ತಮ್ಮ ಪ್ರೇಮನದಾಗಿತ್ತು. ರುಡೊಲ್ಫ್ ಅವನ ಕಿವಿಗೆ ಬಾಗಿದರು.

"ಪ್ರೇಮ್, ಕಾರಿನೊಳಗೆ ತಣ್ಣಗೆ ಉಂಟೆಂದು ಯಾರಿಗೂ ಹೇಳಬೇಡ. ಏಸಿ ಹಾಕಿ ಬಂದೆ. ಜೋನ್ ಹೇಳಿದ್ದೇ ಸರಿ. ಆದರೆ ಅದು ಅವನಿಗೆ ಗೊತ್ತಾದರೆ ಈ ಜನ್ಮದಲ್ಲಿ ನನ್ನನ್ನು ಬಿಡುವುದಿಲ್ಲ."

ಆಕೃತಿ ಅಲುಗಾಡಲಿಲ್ಲ. ರುಡೊಲ್ಫ್ ಕನ್ನಡಕ ಒರೆಸಿ ಹಾಕಿಕೊಂಡರು. ಎದುರಿಗಿದ್ದವನು ಜೋನ್.

"ಬಿಡುವುದೇ ಇಲ್ಲ ಮಾರಾಯ," ಎಂದು ಜೋನ್ ಅವರನ್ನು ಬಿಗಿದಪ್ಪಿಕೊಂಡ. ಇಬ್ಬರ ಕಣ್ಣುಗಳೂ ಏಸಿ ಇಲ್ಲದೆಯೇ ಮಂಜಾದವು. ಒಲಿಂಡಾ ಸಾನ್ನಾಂ ಬುಟ್ಟಿ ಹಿಡಿದುಕೊಂಡೇ ಶಿಲುಬೆಯ ಗುರುತು ಮಾಡಿದರು.

"ಹಾಲೆರೆಯಲಿಕ್ಕೆ ಎಸ್ತೆರ್ ಆಂಟಿ ಒಬ್ಬರು ಬರ್ಲಿಕ್ಕೆ ಬಾಕಿ," ಎಂದ ಜೋನ್. "ಬಾ, ಕರ್ಕೊಂಡು ಬರುವ. ಫಿಯೆಟಿನ ಕಾಲದ ಹಾಗೆ, ನಾವಿಬ್ಬರೇ."

ಜೋನ್ ಒಳಗಿನಿಂದ ಕೋಟು ತಂದು ಹತ್ತಿದ, ರುಡೊಲ್ಫರ ಕಾರು ಹೊರಟಿತು. ರುಡೊಲ್ಫ್ ಸೀಟಿನಡಿಯಿಂದ ಡಬ್ಬಿ ತೆಗೆದು ಗೆಳೆಯನ ಮಡಿಲಿಗಿಟ್ಟರು. ನಗುತ್ತ ನಗುತ್ತ, ಹೆಮ್ಮೆಯಿಂದ, ಏಸಿಯ ಗುಂಡಿ ಒತ್ತಿದರು.

ಜೋನನ ನಗು ನಿಂತಿತು. "ಅದನ್ನು ಬಂದ್ ಮಾಡು."

"ಎಂತ? ನೀನೇ ಹೇಳಿದ್ದಲ್ಲ?"

"ಹೇಳಿದ್ದು ಹೌದು. ನೀನು ಪಣಂಬೂರಿನಲ್ಲಿ ಇಳಿದು ಹೋದ ಮೇಲೆ ಕೂತು ಯೋಚನೆ ಮಾಡಿದೆ. ಗೆಳೆಯನೇ ಇಳಿದು ಹೋದನಲ್ಲ, ಅವನ ಮಾತಿನಲ್ಲಿ ಏನೋ ಸತ್ಯ ಉಂಟು ಅಂತ. ಆಮೇಲೆ ಚಳಿಗಾಲದಲ್ಲಿ ಏಸಿ ಮುಟ್ಟಲಿಲ್ಲ ನಾನು. ನಿನ್ನ ತತ್ತ್ವ, ಮಾರಾಯ!"

"ಆ ತತ್ತ್ವ ತಪ್ಪು. ಗಾಜು ಮಸುಕಾಗ್ತದೆ."

"ಒರೆಸು. ಈ ಚಳಿಗೆ ಯಾರಾದ್ರೂ ಏಸಿ ಹಾಕ್ತಾರಾ?"

"ಬಂದ್ ಮಾಡುವುದಿಲ್ಲ."

"ಹಾಗಾದ್ರೆ ಗಾಡಿ ನಿಲ್ಲಿಸು."

ಮಂಗಳಾದೇವಿ ದೇವಸ್ಥಾನದ ತಿರುವಿನಲ್ಲಿ ಜೋನ್ ಇಳಿದ. ಕೋಟನ್ನು ಹೆಗಲಿಗೆ ಹಾಕಿಕೊಂಡ. ಹನಿಮಳೆಯಲ್ಲಿ ಕಾರಿನ ಮುಂದಿನಿಂದ ದಾಟಿ ಮನೆಯ ಕಡೆಗೆ ಹೆಜ್ಜೆ ಹಾಕಿದ. ಗಾಜು ಕನ್ನಡಿಯಂತೆ ತಿಳಿಯಾಗಿತ್ತು. ಅದರಾಚೆ ಜೋನ್ ಡಬ್ಬಿಯ ಮುಚ್ಚಳ ತೆಗೆದು, ಒಂದು ಕಿಡಿಯೊ ಬಾಯಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ ನಡೆದದ್ದು ರುಡೊಲ್ಫರಿಗೆ ಬಹಳ ಸ್ಪಷ್ಟವಾಗಿ ಕಂಡಿತು.