ಕಂಪ್ಯೂಟರಿಗೆ ಕೊಟ್ಟ ಬಂಗಾರ

ಗಂಡಸಿನ ಧೈರ್ಯವನ್ನು ಪರೀಕ್ಷಿಸುವ ಗುಂಡಿಗಳು ಈ ಲೋಕದಲ್ಲಿ ಎರಡೇ ಎಂದು ನನ್ನ ನಂಬಿಕೆ: ಲಿಫ್ಟಿನೊಳಗಿನ ಕೆಂಪು ಗುಂಡಿ ಮತ್ತು ಕಂಪ್ಯೂಟರಿನ ‘ಅಪ್‌ಗ್ರೇಡ್’ ಗುಂಡಿ. ಮೊದಲನೆಯದನ್ನು ಒಮ್ಮೆ ಒತ್ತಿ ನೋಡಿದ್ದೇನೆ. ಬಿಲ್ಡಿಂಗಿನ ವಾಚ್‌ಮನ್ ಓಡಿ ಬಂದು ಬೈದು ಹೋದ. ಎರಡನೆಯದನ್ನು ಒತ್ತಿ ಎಡವಟ್ಟಾದರೆ ಬೈಯುವುದಕ್ಕೂ ಯಾರೂ ಓಡಿ ಬರುವುದಿಲ್ಲ. ಆದ್ದರಿಂದ ನಿವೃತ್ತನಾದಂದಿನಿಂದ ಮುಂಬಯಿ ಜೋಗೇಶ್ವರಿಯ ನಮ್ಮ ಮನೆಯಲ್ಲಿ ಕೂತು, ನೆಂಟರಿಷ್ಟರ ಫೋಟೋಗಳ ಕಲೆ ತೆಗೆಯುವ ಧರ್ಮಕಾರ್ಯವನ್ನು ಹಳೆಯ ಕಂಪ್ಯೂಟರಿನಲ್ಲಿ, ಅದಕ್ಕಿಂತ ಹಳೆಯ ಸಾಫ್ಟ್‌ವೇರಿನಲ್ಲಿ, ಎರಡಕ್ಕಿಂತಲೂ ಹಳೆಯವನಾದ ನಾನು ನಡೆಸಿಕೊಂಡು ಬಂದಿದ್ದೆ.

ಸಂಕಟ ಶುರುವಾದದ್ದು ನನ್ನ ಅತ್ತೆಯವರ ಫೋಟೋದಿಂದ. ಅವರು ಈಗಿಲ್ಲ. ಜೀವಮಾನದಲ್ಲಿ ಕ್ಯಾಮೆರಾದ ಎದುರು ಅವರು ನಕ್ಕದ್ದು ಒಂದೇ ಸಲ. ಆ ನಗುವಿನ ಮೇಲೇ ಮುಂಬಯಿಯ ಮಳೆಗಾಲ ಬೂಷ್ಟು ಹಿಡಿಸಿತ್ತು. ನನ್ನ ಹೆಂಡತಿ ಸುಶೀಲಾಳ ಅಣ್ಣ ಬೊರಿವಲಿಯಲ್ಲಿ ಕೊಂಡ ಫ್ಲ್ಯಾಟಿನ ವಾಸ್ತುಶಾಂತಿ ರವಿವಾರವಿತ್ತು. ಅಂದು ಗೋಡೆಯ ಮೇಲೆ ಅವ್ವ ನಗುತ್ತಿರುತ್ತಾಳೆ ಎಂದು ಸುಶೀಲಾ ಮಾತು ಕೊಟ್ಟುಬಿಟ್ಟಿದ್ದಳು. ಮಾತು ಅವಳದು, ಕೆಲಸ ನನ್ನದು. ನಮ್ಮ ದಾಂಪತ್ಯದ ಸಂವಿಧಾನವೇ ಹಾಗೆ.

ಬೂಷ್ಟಿನ ಒಂದು ಚುಕ್ಕೆ ಅಳಿಸಿದೊಡನೆ ಕಂಪ್ಯೂಟರು ಹಿಟ್ಟಿನ ಗಿರಣಿಯಂತೆ ಗುರುಗುಟ್ಟಿ, ಕಾದು, ಮೌನವ್ರತ ಹಿಡಿಯುತ್ತಿತ್ತು. ಸುಶೀಲಾಳ ಅಣ್ಣನ ಮಗಳು ಫೋನಿನಲ್ಲಿ ನಕ್ಕಳು: “ಮಾಮಾ, ನ್ಯೂ ವರ್ಷನ್ ಹಾಕ್ರಿ ನಾ! ಒಂದು ಕ್ಲಿಕ್, ಬಸ್, ಅಜ್ಜಿ ಏಕ್‌ದಮ್ ಕ್ಲಿಯರ್!” ಒಂದು ಕ್ಲಿಕ್ಕೇನೋ ಸರಿ. ಹಳೆಯದು ಹೋಗಿ ಹೊಸದೂ ಬಾರದಿದ್ದರೆ? ರವಿವಾರ ಅತ್ತೆಯವರ ಜಾಗದಲ್ಲಿ ನನ್ನನ್ನೇ ತೂಗುಹಾಕುತ್ತಾರೆ.

ಹೊಸ ಸಾಫ್ಟ್‌ವೇರನ್ನು ತಾಳುವಷ್ಟು ಮೆಮರಿ ಇದೆಯೇ ನೋಡಿಕೊಳ್ಳಿ ಎಂದು ಪರದೆ ಎಚ್ಚರಿಸಿತು. ಅದನ್ನು ಪರದೆಯ ಮೇಲೆಯೇ ನೋಡಬಹುದೆಂದು ಆಮೇಲೆ ತಿಳಿಯಿತು. ನಾನು ಸ್ಕ್ರೂಡ್ರೈವರ್ ತಂದಿದ್ದೆ. ಪೆಟ್ಟಿಗೆಯ ಮುಚ್ಚಳ ತೆಗೆದೆ. ಸುಶೀಲಾ ಬಗ್ಗಿ ನೋಡಿದಳು.

“ಅಯ್ಯ! ಇದರೊಳಗ ಅಕ್ಕಿ ಅದಾವಲ್ರೀ!”

ಅಕ್ಕಿಯಲ್ಲ, ಅಕ್ಷತೆ. ಅದರ ಕೆಳಗೆ ಅರಿಷಿಣ, ಕುಂಕುಮ, ಚೆಂಡುಹೂವಿನ ಎಸಳು. ಫ್ಯಾನಿಗೆ ಸುತ್ತಿಕೊಂಡು ಒಣಗಿದ ಬನ್ನಿ ಎಲೆಗಳು. ನಾನು ಧಾರವಾಡದವನು; ನಮ್ಮ ಕಡೆ ದಸರೆಯ ಬನ್ನಿ ಎಲೆಗೆ ಬಂಗಾರ ಎನ್ನುತ್ತಾರೆ. ದಸರೆಗೆ ಸ್ಟೇಷನ್ ಹೊರಗೆ ಬನ್ನಿ ಕೊಂಡು, ಹಿರಿಯರಿಗೆಲ್ಲ ಕೊಟ್ಟಾದ ಮೇಲೆ, ಕಂಪ್ಯೂಟರಿಗೂ ಅಕ್ಷತೆ, ಕುಂಕುಮ, ಹೂವು ಏರಿಸಿ, ಪೆಟ್ಟಿಗೆಯ ನೆತ್ತಿಯ ಜಾಲರಿಯಲ್ಲಿ ಒಂದಿಷ್ಟು ಬನ್ನಿ ಸಿಕ್ಕಿಸಿ “ಬಂಗಾರದಂಗ ಇರು” ಎಂದು ಹರಸುವುದು ನನ್ನ ಪದ್ಧತಿ. ಅದು ನಿಧಾನವಾದಷ್ಟೂ ನನ್ನ ಭಕ್ತಿ ಹೆಚ್ಚಿತು. ಭಕ್ತಿ ಹೆಚ್ಚಿದಷ್ಟೂ ಅದು ನಿಧಾನವಾಯಿತು. ಈ ಸಂಬಂಧ ನನಗೆ ಹೊಳೆದಿರಲಿಲ್ಲ.

“ಬಂಗಾರದಂಗ ಇರು ಅಂತ ಹೇಳಿ ಉಸಿರು ಕಟ್ಟಿಸೀರಲ್ರೀ! ಮತ್ತ ಸಾಫ್ಟ್‌ವೇರ್ ಹಳೇದಾತು ಅಂತ ಅದಕ್ಕ ಬೈತೀರಿ!”

“ಪೂಜಾ ಮಾಡಿದ್ದು ತಪ್ಪೇನ?”

“ಪೂಜಾ ಹೊರಗ ಮಾಡ್ತಾರ, ಹೊಟ್ಟ್ಯಾಗಲ್ಲ.”

ಅವಳು ಬ್ರಶ್ಶು ಹಿಡಿದಳು, ನಾನು ಊದಿದೆ. ಊದಿದ ಅರಿಷಿಣವೆಲ್ಲ ನನ್ನ ಮುಖಕ್ಕೇ ಬಂದು ಮದುಮಗನಂತಾದೆ. ಮುಚ್ಚಳ ಹಾಕಿ ಚಾಲೂ ಮಾಡಿದರೆ ಗಿರಣಿಯ ಸದ್ದೇ ಇಲ್ಲ. ಹಳೆಯ ಸಾಫ್ಟ್‌ವೇರಿನಲ್ಲೇ, ಚುಕ್ಕೆ ಚುಕ್ಕೆಯಾಗಿ, ಬೂಷ್ಟಿನಡಿಯಿಂದ ಅತ್ತೆಯವರು ಹೊರಬಂದರು. ಕೊನೆಯ ಚುಕ್ಕೆ ಹೋದಾಗ ಸುಶೀಲಾ ಪರದೆಯನ್ನು ಸೆರಗಿನಿಂದ ಒರೆಸಿದಳು. ಪರದೆಯ ಮೇಲೆ ಧೂಳಿರಲಿಲ್ಲ.

ರವಿವಾರ ಅವ್ವ ಬೊರಿವಲಿಯ ಗೋಡೆಯ ಮೇಲೆ ನಕ್ಕಳು. ಆ ಧೈರ್ಯದಲ್ಲಿ ಮನೆಗೆ ಬಂದವನೇ ಗುಂಡಿ ಒತ್ತಿಬಿಡುವುದೆಂದು ನಿರ್ಧರಿಸಿದೆ. ಉಸಿರಾಡುವ ಯಂತ್ರ ಹೊಸದನ್ನೂ ತಾಳೀತು. ಆದರೆ ಕೈ ತಾನಾಗಿಯೇ ಅಕ್ಷತೆಯ ಬಟ್ಟಲಿಗೆ ಹೋಯಿತು. ಸುಶೀಲಾ ಬಟ್ಟಲು ಕಸಿದುಕೊಂಡಳು.

“ದೂರಿಂದ ಕೈ ಮುಗೀರಿ, ಸಾಕು.”

ಮುಗಿದೆ. ಒತ್ತಿದೆ. ಪರದೆಯ ಮೇಲೆ ನೀಲಿ ಗೆರೆ ಮೆಲ್ಲಗೆ ಬಲಕ್ಕೆ ಬೆಳೆಯುತ್ತಿದೆ. ಗುರುಗುಟ್ಟದ ಕಂಪ್ಯೂಟರು ರೂಢಿಯಿಲ್ಲದ್ದರಿಂದ ಜೀವವಿದೆಯೋ ಎಂದು ಆಗಾಗ ಕಿವಿಯಿಟ್ಟು ನೋಡುತ್ತೇನೆ. ಇದೆ. ಬರುವ ದಸರೆಗೆ ಪೆಟ್ಟಿಗೆಗೆ ಬಂಗಾರ ಕೊಡುವುದಿಲ್ಲವೆಂದು ಸುಶೀಲಾಳಿಗೆ ಮಾತು ಕೊಟ್ಟಿದ್ದೇನೆ. ಮೌಸಿನ ಅಡಿಗೆ ಒಂದೇ ಒಂದು ಎಲೆ ಇಟ್ಟರೆ ಮಾತು ತಪ್ಪಿದಂತಾಗಲಿಕ್ಕಿಲ್ಲ.