ಬ್ರೇಕು ಗಟ್ಟಿಯಾದ ಭಾನುವಾರ

ಹೊಸ ಬ್ರೇಕು ಹಾಕಿಸಿದ ಮೇಲೆ ಕಾರು ನಿಲ್ಲಬೇಕು. ಬಸವೇಶನ ಕಾರು ಮಾತ್ರ ನಿಲ್ಲಲೋ ಬೇಡವೋ ಎಂದು ಯೋಚಿಸುತ್ತಲೇ ಮುಂದೆ ಹೋಗುತ್ತಿತ್ತು. ಪೆಡಲಿನ ಮೇಲೆ ಕಾಲಿಟ್ಟರೆ ಮಂಡಕ್ಕಿ ಚೀಲ ತುಳಿದ ಹಾಗೆ ಮೆತ್ತಗೆ ತಳ ಮುಟ್ಟುತ್ತಿತ್ತು.

ಇದು ಗೊತ್ತಾದದ್ದು ಭಾನುವಾರ ಬೆಳಗ್ಗೆ ಎಂಟಕ್ಕೆ. ಸಂಜೆ ದೀಪ ಹಚ್ಚುವುದರೊಳಗೆ ಅವನು ಕೊಟ್ಟೂರಿನಿಂದ ಹೊರಟು ಹಿರೇಹಡಗಲಿಯ ಮಾವನ ಮನೆ ಮುಂದೆ ಅದೇ ಕಾರು ನಿಲ್ಲಿಸಬೇಕಿತ್ತು.

ಹನ್ನೆರಡು ದಿನದ ಹಿಂದೆ ಹಳೇ ಬ್ರೇಕು ಕೈಕೊಟ್ಟು, ರಸ್ತೆಯ ಮೇಲೆ ಒಣಹಾಕಿದ್ದ ಮೆಕ್ಕೆಜೋಳದ ರಾಶಿಗೆ ಕಾರು ನುಗ್ಗಿತ್ತು. ಹೆಂಡತಿ ಗೀತಾಂಜಲಿ ಕಿವಿಯಿಂದ, ಜಡೆಯಿಂದ, ಊಟದ ಡಬ್ಬಿಯಿಂದ ಕಾಳು ಆರಿಸಿಕೊಂಡು, ತವರಿನ ಬಸ್ಸು ಹತ್ತಿದ್ದಳು. ಅಂದಿನಿಂದ ಬಸವೇಶ ಬೆಳಗ್ಗೆ ಉಪ್ಪಿಟ್ಟು, ಸಂಜೆ ಉಳಿದ ಉಪ್ಪಿಟ್ಟು ಮಾಡುತ್ತಿದ್ದ. ಆರನೇ ಕ್ಲಾಸಿನ ಮಗಳು ಅಮೃತಾಳಿಗೆ ಅವನು ಹಾಕುವ ಎರಡು ಜಡೆ ಜಗಳವಾಡಿದ ದಾಯಾದಿಗಳಂತೆ ಒಂದು ಮೇಲಕ್ಕೆ, ಒಂದು ಕೆಳಕ್ಕೆ ನಿಲ್ಲುತ್ತಿದ್ದವು.

ಫೋನಿನಲ್ಲಿ ಗೀತಾಂಜಲಿ ಖಡಾಖಂಡಿತವಾಗಿ ಹೇಳಿದ್ದಳು. "ಇವತ್ತು ದೀಪ ಹಚ್ಚೋದ್ರಾಗ ಬಂದ್ರ ಬರ್ತೀನಿ. ನಾಳಿ ಅಮಾಸಿ, ನಾಡಿದ್ದು ಮಂಗಳಾರ, ನಮ್ಮವ್ವ ಕಳಸಂಗಿಲ್ಲ. ಆಮ್ಯಾಲೆ ನಮ್ಮಣ್ಣನ ಕೂಸಿಗೆ ಕಿವಿ ಚುಚ್ಚಸೋದೈತಿ. ಅಂದ್ರ ಇನ್ನೂ ಹತ್ತು ದಿನ. ಮತ್ತ ಬಸ್ಸಿಗೆ ಬರಬ್ಯಾಡ್ರಿ. ಬ್ರೇಕ್ ನಾನಾ ತುಳದು ನೋಡಬೇಕು."

ಇನ್ನೂ ಹತ್ತು ದಿನದ ಉಪ್ಪಿಟ್ಟು ಕಣ್ಣ ಮುಂದೆ ಬಂದು, ಬಸವೇಶ ಮೆಕ್ಯಾನಿಕ್ ಅಂಜಿನೇಯಲುವನ್ನು ಮನೆಗೇ ಕರೆಸಿದ.

ಅಂಜಿನೇಯಲು ಕಾರಿನಡಿ ತೂರಿ ಹೊರಬಂದ. "ಪೈಪಿನಾಗ ಗಾಳಿ ಹೊಕ್ಕೈತಿ ಸಾರ್. ಒಬ್ರು ಪೆಡಲ್ ಒತ್ತಿ ಹಿಡೀಬೇಕು. ನಾ ಚಕ್ರದ ಒಳಗಿನ ಗಾಳಿ ಬಿಡೋ ತಿರುಪು, ಅದಾ ನಿಪ್ಪಲ್, ಸಡಲಿಸ್ತೀನಿ, ಗಾಳಿ ಬ್ರೇಕ್ ಎಣ್ಣಿ ಸಮೇತ ಹೊರಗ ಬರತೈತಿ. ನಿಪ್ಪಲ್ ಬಿಗಿ ಮಾಡಿದ ಮ್ಯಾಲೆ ಕಾಲು ತೆಗೀಬೇಕು. ಮೊದಲಾ ತೆಗದ್ರ ಹೋದ ಗಾಳಿ ತಿರುಗಿ ಒಳಗ ಬರತೈತಿ."

"ನಾ ಒತ್ತತೀನಿ ಸರೀರಿ!" ಎದುರುಮನೆಯ ನಿವೃತ್ತ ಡ್ರಿಲ್ ಮಾಸ್ತರ ಶಿವಯೋಗಪ್ಪ ಬನಿಯನ್ನಲ್ಲೇ ಬಂದು ಸೀಟಿನಲ್ಲಿ ಕೂತರು. "ಮೂವತ್ತು ವರ್ಷ ತಾಲೂಕಿನ ಮಕ್ಕಳ ಕಾಲು ಎತ್ತಿಸಿ ಇಳಿಸೀನಿ. ಒಂದು ಪೆಡಲ್ ಏನು ಮಹಾ!"

ಅಂಜಿನೇಯಲು ಕೆಳಗಿನಿಂದ "ಒತ್ರಿ" ಎಂದ. ಮಾಸ್ತರು ಒತ್ತಿದರು. "ಹಿಡೀರಿ" ಎಂದ. ಹಿಡಿದರು. ಆದರೆ ಹಳೇ ಚಾಳಿ ಬಿಡಬೇಕಲ್ಲ. ಬಾಯಲ್ಲಿ ತಾವೇ "ಏಕ್, ದೋ, ತೀನ್" ಎಂದು ಎಣಿಸಿ, ತೀನ್‌ಗೆ ಕಾಲೆತ್ತಿದರು. ಪೈಪು ಸುರ್ರೆಂದು ಗಾಳಿ ಕುಡಿಯಿತು.

"ಯಾರು ಬಿಡು ಅಂದ್ರು ನಿಮಗ?"

"ತೀನ್ ಆತಲ್ಲ!"

ಎಣಿಸುವುದನ್ನು ನಿಲ್ಲಿಸಿದ್ದಾಯಿತು. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಬಸವೇಶನ ತಾಯಿ ಶಿವಬಸಮ್ಮ ತಂಗಿಯ ಜೊತೆ ಫೋನಿನಲ್ಲಿ ಸೊಸೆಯ ವಿಚಾರ ಮಾತಾಡುತ್ತ "ಬಿಡವಾ ಅತ್ಲಾಗ" ಎಂದರು. ಮಾಸ್ತರು ಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಮೂರು ಬಾಟಲಿ ಎಣ್ಣೆ ಖಾಲಿಯಾಗಿತ್ತು. ಅಮ್ಮನ ಮಾತು ನಿಲ್ಲಿಸಿ ಒಳಗೆ ಕಳಿಸಿದ್ದಾಯಿತು, ಮಾಸ್ತರ ಬಾಯಿಗೆ ಎಲೆ ಅಡಿಕೆ ತುಂಬಿದ್ದಾಯಿತು, ಎಲ್ಲ ಶಿಸ್ತಾಗಿ ನಡೆದರೂ ಪೆಡಲು ಮಾತ್ರ ಮಂಡಕ್ಕಿ ಚೀಲವೇ. ಬಸವೇಶ ಗಡಿಯಾರ ನೋಡುವುದು, ಕಾರು ಸುತ್ತುವುದು, ಮತ್ತೆ ಗಡಿಯಾರ ನೋಡುವುದು. ಇಪ್ಪತ್ತು ಸುತ್ತು ದಾಟಿರಬೇಕು. ಸುಮ್ಮನೆ ನಿಂತರೆ ಕಾಲು ತಾನಾಗಿ ಇಲ್ಲದ ಬ್ರೇಕು ಒತ್ತುತ್ತಿತ್ತು.

ಎರಡು ಗಂಟೆಗೆ ಪಕ್ಕದ ಮನೆಯ ನರ್ಸ್ ಯಶೋಧರಾ ನಿದ್ದೆಗಣ್ಣಿನಲ್ಲಿ ಹೊರಬಂದಳು. ಅವಳಿಗೆ ರಾತ್ರಿ ಎಂಟಕ್ಕೆ ಡ್ಯೂಟಿ. "ಮಲಗಾಕ ಬಿಡ್ತೀರೋ ಇಲ್ಲೋ? ಮುಂಜೇಲಿಂದ ಒತ್ರಿ, ಹಿಡೀರಿ, ಒತ್ರಿ, ಹಿಡೀರಿ. ಹೆರಿಗಿ ವಾರ್ಡಿನಾಗ ಮಲಗಿದಂಗಾಗೈತಿ!"

"ಗಾಳಿ ಹೊರಗ ಬರವಲ್ದವ್ವಾ," ಎಂದರು ಮಾಸ್ತರು.

ಯಶೋಧರಾ ಬಗ್ಗಿ ಚಕ್ರದ ಒಳಗೆ ನೋಡಿದಳು. "ನಿಪ್ಪಲ್ ಅಂದ್ರ ಇದಾ, ಕೆಳಗಿರೋದು? ಗಾಳಿ ಮ್ಯಾಲೆ ಕುಂತಿರತೈತಲ್ರಿ! ನಾವು ಸಿರಿಂಜಿನ ಸೂಜಿ ಮ್ಯಾಲೆ ಮಾಡೇ ಗಾಳಿ ತೆಗೀತೀವಿ. ಕೆಳಗ ತೂತು ಮಾಡಿದ್ರ ಔಷಧ ಸೋರತೈತಿ ಅಷ್ಟಾ."

ಅಂಜಿನೇಯಲು ನಿಧಾನವಾಗಿ ಬಸವೇಶನ ಕಡೆ ತಿರುಗಿದ. "ನಾ ನಿನ್ನೇನಾ ಬಡಕೊಂಡೆ ಸಾರ್."

ನಿನ್ನೆ ಆದದ್ದಿಷ್ಟು. ಬ್ರೇಕು ಒತ್ತಿದಾಗ ಚಕ್ರದ ಡಿಸ್ಕನ್ನು ಹಿಡಿಯುವ ಹೊಸ ಇಕ್ಕಳ ಎರಡನ್ನೂ ಶಿವಬಸಮ್ಮ ದೇವರ ಜಗುಲಿಯ ಮೇಲಿಟ್ಟು, ಒಂದೊಂದಕ್ಕೂ ಮೂರು ಬೆರಳ ವಿಭೂತಿ ಎಳೆದಿದ್ದರು. ಅಂಜಿನೇಯಲು ಅವನ್ನು ಸರಿಯಾಗಿಯೇ ಕೂರಿಸಿದ್ದ. ಆದರೆ ವಿಭೂತಿ ಕೆಳಗಾಗಿ, ರಸ್ತೆಯ ರಾಡಿಗೆ ಮುಖ ಮಾಡಿತ್ತು. "ವಿಭೂತಿ ತಲಿಕೆಳಗ ಆಗಬಾರದು" ಎಂದು ಹಟ ಹಿಡಿದವನು ಬಸವೇಶನೇ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಸಿದ. ವಿಭೂತಿ ಮೇಲೆ ಬಂತು, ನಿಪ್ಪಲ್ ಕೆಳಗೆ ಹೋಯಿತು.

ವಿಷಯ ತಿಳಿದು ಶಿವಬಸಮ್ಮ ಹೊರಬಂದು ಮಗನಿಗೇ ಬೈದರು. "ಕಬ್ಬಿಣಕ್ಕ ತಲಿ ಯಾವುದು ಕಾಲು ಯಾವುದು, ನನಗೇನು ಗೊತ್ತಲೇ? ಒಂದು ಮಾತು ಕೇಳಿದ್ರ ಒರಸಿ ಮತ್ತ ಹಚ್ಚತಿದ್ದಿಲ್ಲೇನು?"

ಬಿಚ್ಚಿ, ಅದಲುಬದಲು ಮಾಡಿ, ಮತ್ತೆ ಗಾಳಿ ತೆಗೆಯುವ ಹೊತ್ತಿಗೆ ಬಸವೇಶನೂ ಕಾರಿನಡಿ ಮಲಗಿ ನಿಪ್ಪಲ್ ತಿರುವುವುದು ಕಲಿತಿದ್ದ. ಗುಳುಗುಳು ಗುಳ್ಳೆ ಬಂತು. ನಾಲ್ಕೂಕಾಲಿಗೆ ಪೆಡಲು ಬೀಸುವ ಕಲ್ಲಿನಷ್ಟು ಗಟ್ಟಿಯಾಯಿತು.

"ಆತು ಗೀತಾ! ನಾನಾ ಕೈಯಾರೆ ಮಾಡೀನಿ!" ಎಂದು ಫೋನಿನಲ್ಲಿ ಕೂಗಿದ.

"ಹೌದಾ? ನೀವಾ?" ಎಂದಳು ಗೀತಾಂಜಲಿ, ತುಂಬ ಮೃದುವಾಗಿ.

ಅಂಗಿ ಬದಲಿಸಿ ಬರುವಷ್ಟರಲ್ಲಿ ಕಾರು ತುಂಬಿತ್ತು. ಮುಂದಿನ ಸೀಟಿನಲ್ಲಿ ಮಾಸ್ತರು. "ನನ್ನ ಕಾಲಿಂದ ಗಟ್ಟಿಯಾದ ಪೆಡಲು!" ಹಿಂದೆ ಯಶೋಧರಾ. "ರೋಗ ಕಂಡುಹಿಡದಾಕಿ ನಾನು, ನೋಡಬ್ಯಾಡೇನು?" ಅವಳ ಪಕ್ಕ ಅಮೃತಾ, ಇನ್ನೊಂದು ಪಕ್ಕ ಟೂಲ್ ಚೀಲ ತೊಡೆಯ ಮೇಲಿಟ್ಟುಕೊಂಡ ಅಂಜಿನೇಯಲು. ವಾದಕ್ಕೆ ಹೊತ್ತಿರಲಿಲ್ಲ.

ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಬಸವೇಶ ಬ್ರೇಕು ಮುಟ್ಟಿದ್ದೇ ತಡ, ಐವರೂ ಒಟ್ಟಿಗೆ ಕುರಿಗಳಿಗೆ ತಲೆಬಾಗಿದರು.

ಮಾವನ ಮನೆಯ ಹೊಸ್ತಿಲಿಗೆ ಗೇಣು ದೂರದಲ್ಲಿ ಕಾರು ನಿಂತಾಗ ಅತ್ತೆ ಇನ್ನೂ ಬತ್ತಿ ಹೊಸೆಯುತ್ತಿದ್ದರು. ಗೀತಾಂಜಲಿ ಬ್ಯಾಗು ಹಿಡಿದು ಬಂದವಳೇ ಗಂಡನನ್ನು ಕೆಳಗಿಳಿಸಿ, ತಾನು ಸೀಟಿನಲ್ಲಿ ಕೂತು ಮೂರು ಸಲ ಪೆಡಲು ತುಳಿದಳು. ಹನ್ನೆರಡು ದಿನದ ಮೇಲೆ ಮೊದಲ ಸಲ ನಕ್ಕಳು. ಬಸವೇಶನ ಎದೆಯ ಭಾರ ಇಳಿಯಿತು.

ಆಮೇಲೆ ಅವಳು ಹಿಂದೆ ತಿರುಗಿ ನೋಡಿದಳು. "ಗಾಡಿ ತುಂಬೈತಲ್ರಿ. ಒಬ್ರು ಇಳೀಬೇಕು."

"ನನಗ ಎಂಟಕ್ಕ ಡ್ಯೂಟಿ," ಎಂದಳು ಯಶೋಧರಾ.

"ಆರು ಮಂದಿ ಕುಂತ್ರ ಬ್ರೇಕಿಗೆ ನಾ ಜವಾಬ್ದಾರಲ್ಲ," ಎಂದ ಅಂಜಿನೇಯಲು, ಇಳಿಯದೆ.

ಮಾಸ್ತರು ಹಿರಿಯರು. ಅಮೃತಾಗೆ ನಾಳೆ ಶಾಲೆ.

"ಹಂಗಾದ್ರ ಡ್ರೈವರ್ ಸೀಟೊಂದಾ ಉಳೀತು," ಎಂದಳು ಗೀತಾಂಜಲಿ. "ನನಗೂ ಲೈಸೆನ್ಸ್ ಐತಿ."

ಬಾಗಿಲು ಮುಚ್ಚಿತು. ಓಣಿಯ ತಿರುವಿನಲ್ಲಿ ಹಿಂದಿನ ಕೆಂಪು ದೀಪ ಹತ್ತಿ ಕಾರು ಗಕ್ಕನೆ ನಿಂತಿತು. ಮನಸ್ಸು ಕರಗಿತು ಎಂದು ಬಸವೇಶ ನಾಲ್ಕು ಹೆಜ್ಜೆ ಓಡಿದ. ಒಂದು ಎಮ್ಮೆ ನಿಧಾನವಾಗಿ ದಾಟಿ ಹೋಯಿತು. ಕಾರೂ ಹೋಯಿತು.

"ಗೂಟ ಬಡದಂಗ ನಿಂತಿತು ನೋಡ್ರಿ ಅಳಿಯಂದ್ರ!" ಮಾವ ಹಾಲೇಶಪ್ಪ ಹೆಗಲ ಮೇಲೆ ಕೈ ಹಾಕಿ ಹಿತ್ತಿಲಿಗೆ ನಡೆಸಿದರು. ಅಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಅದರ ಪಕ್ಕದಲ್ಲಿ ಗೋಣಿ ಹಾಸಿ ಪಾನಾ, ಪೈಪು, ಎರಡು ಬಾಟಲಿ ಎಣ್ಣೆ ಒಪ್ಪವಾಗಿ ಜೋಡಿಸಿದ್ದರು.

"ಹದಿನೈದು ದಿನ ಆತು, ಇದರ ಬ್ರೇಕೂ ಮೆತ್ತಗಾಗೈತಿ. ಮೇಸ್ತ್ರಿನ್ನ ಕರೀತಿದ್ನಿ. ಗೀತಾ ಅಂದ್ಲು, 'ಯಪ್ಪಾ, ಬ್ಯಾರೆಯವರು ಯಾಕ, ನಿನ್ನ ಅಳಿಯನಾ ಕಲ್ತಾನ, ಬಿಟ್ಟು ಹೋಗ್ತೀನಿ.' ಮಾಸ್ತರಿಗೆ, ನರ್ಸಮ್ಮಗ ಫೋನ್ ಮಾಡಿ, ಸೀಟು ಖಾಲಿ ಉಳೀದಂಗ ಬರ್ರಿ ಅಂದಾಕೀನೂ ಅಕೀನಾ. ಭಾಳ ಶಾಣ್ಯಾ ಅದಾಳ ನನ್ನ ಮಗಳು."

ಬಸವೇಶ ಗೋಣಿಯನ್ನು ನೋಡಿದ. ಅವನ ಎತ್ತರಕ್ಕೆ ಸರಿಯಾಗಿಯೇ ಇತ್ತು. ಮಲಗಿ ಒಳಗೆ ಸರಿದ.

ಹಾಲೇಶಪ್ಪ ಟ್ರ್ಯಾಕ್ಟರ್ ಹತ್ತಿ, ಧೋತರ ಮೇಲೆ ಕಟ್ಟಿ, ಹುರುಪಿನಿಂದ ಪೆಡಲಿನ ಮೇಲೆ ಕಾಲಿಟ್ಟರು.

"ಹೇಳ್ರಿ ಅಳಿಯಂದ್ರ, ಒತ್ತಲೇನು?"