ಶತಮಾನೋತ್ಸವಕ್ಕೆ ತಕ್ಕ ಶಿಕ್ಷೆ

ಒಂದು ಭಾಷಣಕ್ಕಾಗಿ ಪರದೇಶಿ ದೊರೆಗಳು ಮಹಾನಾಯಕರಿಗೆ ಕೊಟ್ಟದ್ದು ಬರೀ ಆರು ತಿಂಗಳ ಜೈಲು. ತಾಪತ್ರಯ ಶುರುವಾದದ್ದೇ ಅಲ್ಲಿಂದ. ಆ ವಿಚಾರಣೆಯ ಶತಮಾನೋತ್ಸವದ ಬೆಳಿಗ್ಗೆ, ನ್ಯಾಯಾಲಯದ ದಾಖಲೆ ಕೋಣೆಯ ಗುಮಾಸ್ತ ಮಂತ್ರಿಗಳ ಸಭೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಬೇಕಾಗಿದ್ದ ತೀರ್ಪಿನ ದೂಳು ಕೊಡವಿ ಮೂರು ಸಲ ಓದಿದ. ಆರೇ ತಿಂಗಳು. ಮೂವತ್ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಕಳೆದವನಿಗೆ ನಿವೃತ್ತಿಗೆ ಇನ್ನು ಹತ್ತೇ ದಿನ; ಅದೂ ಹಾಗೇ ಕಳೆದರೆ ಸಾಕಿತ್ತು.

“ಆರು ತಿಂಗಳಿಗೆಲ್ಲ ಮಂತ್ರಿಗಳು ಅಳ್ತಾರೇನ್ರೀ?” ಎಂದರು ಕಚೇರಿಯ ಸಾಹೇಬರು. “ಅದೇ ಕಲಮಿನಲ್ಲಿ ದೊಡ್ಡ ಶಿಕ್ಷೆ ಆಗಿರೋ ತೀರ್ಪು ಹುಡುಕಿ, ಅದರ ಕೊನೇ ಹಾಳೆ ಇದಕ್ಕೆ ಸೇರಿಸಿ. ಗಾಜಿನ ಪೆಟ್ಟಿಗೇಲಿರೋದನ್ನ ಯಾರು ಓದ್ತಾರೆ?”

ಗುಮಾಸ್ತ ಏಣಿ ಹತ್ತಿದ. ಹುಡುಕುತ್ತ ಹುಡುಕುತ್ತ ಹೆದರಿಕೆ ಮರೆತುಹೋಗಿ ಕುತೂಹಲ ಹತ್ತಿಕೊಂಡಿತು. ಪರದೇಶಿ ದೊರೆಗಳ ಕಾಲದ ಕಪಾಟಿನ ತುಂಬ ಮೂರು ತಿಂಗಳು, ಒಂಬತ್ತು ತಿಂಗಳು; ತೀರಾ ಮುನಿಸಿಕೊಂಡಾಗ ಒಂದೂವರೆ ವರ್ಷ.

“ಆ ದೊರೆಗಳು ಪಾಪದವರು ಕಣಮ್ಮಾ,” ಎಂದ, ಕೆಳಗೆ ಏಣಿ ಹಿಡಿದಿದ್ದ ಟೈಪಿಸ್ಟಿಗೆ.

“ಗೇಟಿನ ಹತ್ರ ಕೂಗ್ತಾ ಇದಾರಲ್ಲ ಸಾರ್, ಅವರ ಮೇಷ್ಟ್ರಿಗೆ ಹೋದ ವಾರ ಇಲ್ಲೇ ಹನ್ನೆರಡು ವರ್ಷ ಜೈಲಾಯ್ತಲ್ಲ. ಅದೂ ಒಂದು ಭಾಷಣಕ್ಕೇ. ಅದೇ ಕಲಮು.”

ಇಡೀ ಕೋಣೆಯಲ್ಲಿ ಶತಮಾನೋತ್ಸವಕ್ಕೆ ತಕ್ಕ ಶಿಕ್ಷೆ ಅದೊಂದೇ. ಗುಮಾಸ್ತ ಆ ಹಾಳೆಯನ್ನು ಟೀ ನೀರಿನಲ್ಲಿ ಅದ್ದಿ ಅರ್ಧ ಗಂಟೆಯಲ್ಲಿ ನೂರು ವರ್ಷ ಹಳತು ಮಾಡಿದ. ತಾರೀಖಿನ ಮೇಲೊಂದು ಹೂವಿಟ್ಟ.

ಮಂತ್ರಿಗಳು ಓದಿಯೇಬಿಟ್ಟರು.

“ಒಂದು ಭಾಷಣಕ್ಕೆ ಹನ್ನೆರಡು ವರ್ಷವೇ? ಇವರೇನು ಮನುಷ್ಯರೇ?” ಮೈಕಿನ ಮುಂದೆಯೇ ಅವರು ಕಣ್ಣೊರೆಸಿಕೊಂಡರು. ಗೇಟಿನಾಚೆಯ ಮೇಷ್ಟ್ರ ಕಡೆಯವರ ಚಪ್ಪಾಳೆ ಒಳಗಿನವರದಕ್ಕಿಂತ ಜೋರಾಗಿತ್ತು. “ಈ ತೀರ್ಪು ಬರೆದ ಪಾಪಿಯ ಹೆಸರು ಓದ್ರೀ, ಜನ ಕೇಳಲಿ.”

ಗುಮಾಸ್ತ ಗಾಜಿನ ಮೇಲೆ ಬಗ್ಗಿದ. ಹೋದ ವಾರ ಆ ತೀರ್ಪು ಬರೆದ ನ್ಯಾಯಾಧೀಶರು ಮೊದಲ ಸಾಲಿನಲ್ಲೇ, ಮುಖ್ಯ ಅತಿಥಿಯಾಗಿ, ಕಾಲ ಮೇಲೆ ಕಾಲು ಹಾಕಿ ಅವನನ್ನೇ ನೋಡುತ್ತಿದ್ದರು. ಅವರ ಹೆಸರು ಬಿಟ್ಟು ಅವನು ಕೆಳಗೆ ಹುಡುಕಿದ. ಹಾಳೆಯ ಮೂಲೆಯಲ್ಲಿ ಇನ್ನೊಂದೇ ಒಂದು ಹೆಸರಿತ್ತು, ನಕಲು ತೆಗೆದವನದು. ಅದನ್ನೇ ಓದಿದ. ತನ್ನದೇ ಹೆಸರು.

ಇಡೀ ಸಭೆ ಥೂ ಎಂದಿತು. ನ್ಯಾಯಾಧೀಶರೂ ಎಂದರು.

ಸಂಜೆಯೊಳಗೆ ಮಂತ್ರಿಗಳ ಆಜ್ಞೆ ಬಂತು: ಆ ಪಾಪಿಯ ವಂಶದವರು ಸರ್ಕಾರಿ ನೌಕರಿಯಲ್ಲಿದ್ದರೆ ಪತ್ತೆ ಹಚ್ಚಿ ಕೂಡಲೇ ವಜಾ ಮಾಡತಕ್ಕದ್ದು. ಪತ್ತೆಯ ಹೊಣೆ ದಾಖಲೆ ಕೋಣೆಯ ಗುಮಾಸ್ತನದು.

ಟೈಪಿಸ್ಟ್ ಹಾಳೆ ಏರಿಸಿಕೊಂಡು ಕೂತಳು.

“ವರದಿ ಹೇಳಿ ಸಾರ್, ಟೈಪ್ ಮಾಡ್ತೀನಿ. ಹೆಸರೊಂದು ಹೇಳೋದು ಬೇಡ, ನಂಗೊತ್ತು.”